ಕೆಂಡ ಕಾಣದ ಸಾಂಬ್ರಾಣಿ

ಸಿಗರೇಟು ಪೊಟ್ಟಣದ ಮೇಲಿನ ಹೆಸರು ಹೋಯಿತು, ಬಣ್ಣ ಹೋಯಿತು, ಅಂಗಡಿ ಮುಂದಿನ ಬೋರ್ಡು ಹೋಯಿತು, ಮೊಬೈಲಿನೊಳಗೆ ನುಸುಳಿ ಬರುತ್ತಿದ್ದ ಜಾಹೀರಾತೂ ಕೊನೆಗೆ ಹೋಯಿತು. ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಕಾನೂನು ಅಳಿಸಿಹಾಕಿದ ಮೇಲೆ ತಂಬಾಕು ಕಂಪನಿಗಳಿಗೆ ಉಳಿದದ್ದು ಮೂಗು. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂಬ ಮಾತನ್ನು ಅವರು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು.

ಆ ಹೊತ್ತಿಗೆ ಬೀಡಿ ಸಿಗರೇಟು ಸೇದುವವರು ಕಡಿಮೆಯಾಗಿ, ತುಟಿಯೊಳಗೆ ಒಂದು ಪುಟ್ಟ ಬಿಳಿ ಚೀಲ ಬಂದು ಕೂತಿತ್ತು. ಅವರೆಕಾಳಿನ ಗಾತ್ರ, ಒಳಗೆ ನಿಕೋಟಿನ್ ಪುಡಿ. ಹೊಗೆಯಿಲ್ಲ, ಉಗುಳುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ಕಂಪನಿ ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿತ್ತು. ತುಮಕೂರಿನ ಜನ ಆಕಾರ ನೋಡಿ ದಿಂಬು ಎಂದರು, ಅದೇ ನಿಂತಿತು.

ದಿಂಬನ್ನು ಮಾರುವ ಉಪಾಯ ಸರಳವಾಗಿತ್ತು. ಗೂಡಂಗಡಿಯ ಬಾಟಲಿಗಳ ಹಿಂದೆ ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಯೊಂದನ್ನು ಅಂಟಿಸುತ್ತಿದ್ದರು. ಅದು ದಿನದ ಕೆಲವು ಗಂಟೆ ಮಾತ್ರ ಒಂದು ಪರಿಮಳ ಬಿಡುತ್ತಿತ್ತು. ಅಂಗಡಿಗೆ ಬಂದವನಿಗೆ ಮೊದಲ ನಾಲ್ಕು ದಿಂಬು ಪುಕ್ಕಟೆ. ಅಲ್ಲೇ ನಿಂತು ತುಟಿಯೊಳಗೆ ಇಟ್ಟುಕೊಂಡರೆ ಐದು ನಿಮಿಷದಲ್ಲಿ ತಲೆ ಹಗುರಾಗುತ್ತದೆ, ಮೂಗಿಗೆ ಆ ಪರಿಮಳ ಬಡಿಯುತ್ತಲೇ ಇರುತ್ತದೆ. ಹತ್ತು ಹದಿನೈದು ಸಲ ಹೀಗಾದರೆ ಮಿದುಳು ಎರಡನ್ನೂ ಗಂಟು ಹಾಕಿಬಿಡುತ್ತದೆ. ಆಮೇಲೆ ಎಲ್ಲೇ ಆ ವಾಸನೆ ಬಂದರೂ ಬಾಯಿ ದಿಂಬು ಕೇಳುತ್ತದೆ. ಒಂದು ಅಕ್ಷರವಿಲ್ಲ, ಒಂದು ಚಿತ್ರವಿಲ್ಲ. ನ್ಯಾಯಾಲಯದಲ್ಲಿ ತೋರಿಸಲು ಕೈಯಲ್ಲಿ ಏನೂ ಸಿಗುವುದಿಲ್ಲ.

ಅದಕ್ಕಾಗಿಯೇ ಸರ್ಕಾರ ವಾಸನೆಯ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ಮಾಡಿ, ಮೂಸುಪೆಟ್ಟಿಗೆಗಳನ್ನು ತರಿಸಿತು. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಅರವತ್ತನಾಲ್ಕು ಸೂಕ್ಷ್ಮ ಬಿಂದುಗಳು. ಒಂದೊಂದಕ್ಕೂ ಒಂದೊಂದು ಬಗೆಯ ಲೇಪ. ಗಾಳಿಯಲ್ಲಿನ ಕಣ ಬಂದು ತಾಗಿದರೆ ಅದರಲ್ಲಿ ಹರಿಯುವ ವಿದ್ಯುತ್ತು ಚೂರು ಏರುಪೇರಾಗುತ್ತದೆ. ಅರವತ್ತನಾಲ್ಕರ ಏರುಪೇರನ್ನೂ ಒಟ್ಟಿಗೆ ಓದಿದರೆ ಇದು ಮಲ್ಲಿಗೆ, ಇದು ಡೀಸೆಲ್ ಎಂದು ಹೇಳಬಹುದು. ಮೊದಲ ಮೂರು ದಿನ ಪೆಟ್ಟಿಗೆ ಸುಮ್ಮನೆ ಊರಿನ ಗಾಳಿಯನ್ನು ಕಲಿಯುತ್ತದೆ: ಬಜ್ಜಿಯ ಎಣ್ಣೆ, ಚರಂಡಿ, ಹೂವಿನ ಬುಟ್ಟಿ. ನಾಲ್ಕನೆಯ ದಿನದಿಂದ ಅಷ್ಟನ್ನೂ ಕಳೆದು, ಮಿಕ್ಕಿದ್ದನ್ನು ಮಾತ್ರ ಹೊರಗಿನ ವಾಸನೆ ಎಂದು ಆಯಾ ಜಿಲ್ಲೆಯ ಕೇಂದ್ರಕ್ಕೆ ಕಳಿಸುತ್ತದೆ.

ತುಮಕೂರಿನ ಕೇಂದ್ರ ಬಟವಾಡಿ ಬಡಾವಣೆಯ ಒಂದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿತ್ತು. ಅಲ್ಲಿ ಇಬ್ಬರು. ಅಧಿಕಾರಿ ಸರ್ವಮಂಗಳ, ರಸಾಯನಶಾಸ್ತ್ರ ಓದಿದವಳು, ನಲವತ್ತೇಳು ವರ್ಷ. ತಂತ್ರಜ್ಞ ಮುನೀರ್ ಅಹ್ಮದ್, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಪೆಟ್ಟಿಗೆಯ ಹೊಟ್ಟೆ ಬಗೆದು ಸರಿಮಾಡುವುದರಲ್ಲಿ ನಿಪುಣ. ಪಟ್ಟಣದ ಅರವತ್ತು ಅಂಗಡಿಗಳ ಸೂರಿನಲ್ಲಿ ತೂಗುಹಾಕಿದ ಅರವತ್ತು ಮೂಗುಗಳು ಕಳಿಸುವ ಸುದ್ದಿಯನ್ನು ಇವರಿಬ್ಬರೂ ಪರದೆಯ ಮೇಲೆ ಓದುತ್ತಿದ್ದರು.

ಮೊದಲ ವರ್ಷ ಬೇಟೆ ಚೆನ್ನಾಗಿತ್ತು. ಕಂಪನಿ ಮಾವಿನಕಾಯಿ ವಾಸನೆ ಬಿಟ್ಟಿತು, ಪೆಟ್ಟಿಗೆ ಹಿಡಿಯಿತು, ನೋಟಿಸು ಹೋಯಿತು. ಕಂಪನಿ ಬಾದಾಮಿ ಹಾಲಿಗೆ ಬದಲಾಯಿಸಿತು, ಮತ್ತೆ ನೋಟಿಸು. ಹೀಗೆ ಹನ್ನೊಂದು ಪರಿಮಳಗಳು ಸಿಕ್ಕಿಬಿದ್ದವು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ತಣ್ಣಗಾಯಿತು. ಹದಿನಾಲ್ಕು ತಿಂಗಳಿಂದ ಪರದೆಯ ಮೇಲೆ ಸೊನ್ನೆ. ತುಮಕೂರಿನಲ್ಲಷ್ಟೇ ಅಲ್ಲ, ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಸೊನ್ನೆ. ದಿಂಬಿನ ಮಾರಾಟ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಜನ ಇಷ್ಟಪಟ್ಟು ಕೊಳ್ಳುತ್ತಿದ್ದಾರೆ, ಅದಕ್ಕೆ ನಾವೇನು ಮಾಡೋಣ ಎಂದು ಕಂಪನಿ ಹೇಳಿಕೆ ಕೊಟ್ಟಿತು.

ಒಂದು ಸೋಮವಾರ ಬೆಂಗಳೂರಿನ ಮುಖ್ಯ ಕಚೇರಿಯಿಂದ ಪತ್ರ ಬಂತು. ಇಲ್ಲದ ಕಳ್ಳನಿಗಾಗಿ ಇಷ್ಟೊಂದು ಕಾವಲು ಏಕೆ ಎಂದು ಮೇಲಿನವರು ಕೇಳುತ್ತಿದ್ದರು. ವಾಸನೆಯ ಜಾಹೀರಾತು ನಿಂತಿದೆ ಎಂದು ಪ್ರತಿ ಜಿಲ್ಲೆಯ ಅಧಿಕಾರಿಯೂ ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಬೇಕು. ಆಮೇಲೆ ಆ ಕಾಯ್ದೆಯನ್ನೇ ಹಿಂದಕ್ಕೆ ಪಡೆಯುವುದು. ಮುಖ್ಯಸ್ಥೆ ಡಾಕ್ಟರ್ ವಸುಮತಿ ಕಾಮತ್ ಫೋನಿನಲ್ಲಿ ಸಮಾಧಾನವಾಗಿಯೇ ಮಾತಾಡಿದರು. ಅಂಕಿ ಹೇಳುವುದನ್ನು ನಾವು ಒಪ್ಪಬೇಕು, ಅನುಮಾನಕ್ಕೆ ಸಹಿ ಹಾಕಲು ಆಗುವುದಿಲ್ಲ ಎಂದರು. ಸರ್ವಮಂಗಳಳಿಗೂ ಅದು ಸರಿಯೆನಿಸಿತು. ಪತ್ರವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೊರಟಳು.

ಅವಳ ಗಂಡ ನಂಜುಂಡಾರಾಧ್ಯನಿಗೆ ಮಂಡಿಪೇಟೆಯಲ್ಲಿ ಗ್ರಂಧಿಗೆ ಅಂಗಡಿ. ಅರಿಶಿನ ಕುಂಕುಮ, ವಿಭೂತಿ ಗಟ್ಟಿ, ಕರ್ಪೂರ, ಹಿಪ್ಪಲಿ, ಲಾವಂಚದ ಬೇರು, ಸಾಂಬ್ರಾಣಿ. ಅಪ್ಪನಿಂದ ಬಂದ ಅಂಗಡಿ, ಅಪ್ಪನಿಂದಲೇ ಬಂದ ಮೂಗು. ಕಣ್ಣು ಮುಚ್ಚಿಕೊಂಡು ಕರ್ಪೂರದಲ್ಲಿ ಕಲಬೆರಕೆ ಹೇಳುತ್ತಿದ್ದ. ಎಂಟು ವರ್ಷದ ಹಿಂದೆ, ದಿನಕ್ಕೆ ಮೂವತ್ತು ಸಿಗರೇಟಿನ ಫಲವಾಗಿ ಎದೆ ಹಿಡಿದುಕೊಂಡು ಬಿದ್ದು, ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡಿದ್ದ. ಇನ್ನೊಂದು ಸಲ ಹೀಗಾದರೆ ನಾನು ಏನೂ ಹೇಳಲಾರೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅಂದೇ ಬಿಟ್ಟ. ಬಿಟ್ಟದ್ದು ಅವನ ಜೀವನದ ದೊಡ್ಡ ಹೆಮ್ಮೆಯಾಗಿತ್ತು, ಅವಳದೂ.

ಆ ಸಂಜೆ ಊಟಕ್ಕೆ ಕೂರುವ ಮೊದಲು ಅವನು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ. ಇತ್ತೀಚೆಗೆ ಅದು ಅಭ್ಯಾಸವಾಗಿತ್ತು. ಸರ್ವಮಂಗಳ ಹಿಂದೆಯೇ ಹೋದವಳು ನೀರು ಹೋಗುವ ಜಾಲರಿಯ ಮೇಲೆ ಸಿಕ್ಕಿಕೊಂಡಿದ್ದ ಬಿಳಿ ಚೀಲವನ್ನು ಕಂಡಳು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಭಯ. ಅವನು ಗೋಡೆ ನೋಡುತ್ತಾ ನಿಂತ. ಎಷ್ಟು ದಿನದಿಂದ ಎಂದು ಕೇಳಿದಳು. ಆರು ತಿಂಗಳು ಎಂದ. ಬಿಡಲು ನಾಲ್ಕು ಸಲ ನೋಡಿದ್ದಾನೆ, ಆಗಿಲ್ಲ. ಪಕ್ಕದ ಗೂಡಂಗಡಿಗೆ ನಾಲ್ಕು ಗಂಟೆ ಟೀ ಕುಡಿಯಲು ಹೋದಾಗ ಯಾರೋ ಪುಕ್ಕಟೆ ಕೊಟ್ಟರು, ಅಲ್ಲಿಂದ ಶುರು.

“ಸಿಗರೇಟ್ ಬಿಟ್ಟಾಗ ಇಷ್ಟು ಕಷ್ಟ ಆಗಿರ್ಲಿಲ್ಲ ಕಣೆ,” ಎಂದ. “ಇದು ಅಂಗಡಿ ಒಳಗೇ ಹಿಡ್ಕೊಳ್ಳತ್ತೆ. ಸಾಂಬ್ರಾಣಿ ಡಬ್ಬದ ಮುಚ್ಚಳ ತೆಗೆದ್ರೆ ಸಾಕು, ಬಾಯಲ್ಲಿ ನೀರು. ನಮ್ಮಪ್ಪನ ಅಂಗಡೀಲಿ ಕೂತ್ಕೊಂಡು ಹಿಂಗಾಗತ್ತಲ್ಲ, ನಾನೆಂಥ ಮನುಷ್ಯ ಅನ್ಸತ್ತೆ.”

ಸರ್ವಮಂಗಳ ಅಳಬೇಕೆಂದಿದ್ದವಳು ನಿಂತುಬಿಟ್ಟಳು. ಸಾಂಬ್ರಾಣಿ ಏಕೆ ಎಂದು ಕೇಳಿದಳು. ಪಕ್ಕದ ಅಂಗಡಿಯವನು ಸಂಜೆಗೆ ಮುಂಚೆಯೇ ಸಾಂಬ್ರಾಣಿ ಹಾಕುತ್ತಾನೆ, ಆ ವಾಸನೆಯಲ್ಲೇ ನಿಂತು ದಿಂಬು ಇಟ್ಟುಕೊಂಡದ್ದು ಎಂದ ಅವನು. ಆಮೇಲೆ ವ್ಯಾಪಾರಿಯ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದ.

“ಆದ್ರೆ ಅದು ಕೆಂಡ ಕಾಣದ ಸಾಂಬ್ರಾಣಿ. ವಾಸನೆ ಇದೆ, ಹೊಗೆ ಇಲ್ಲ. ಕೆಂಡಕ್ಕೆ ಬೀಳದೆ ಸಾಂಬ್ರಾಣಿ ಅಷ್ಟು ದೂರ ಬರಲ್ಲ. ಅದೇನು ಹಾಕ್ತಾನೋ ನಂಗೂ ಗೊತ್ತಿಲ್ಲ.”

ಮಂಗಳವಾರ ಬೆಳಿಗ್ಗೆ ಸರ್ವಮಂಗಳ ಕೇಂದ್ರಕ್ಕೆ ಬರುವಾಗ ಚೀಲದಲ್ಲಿ ಧೂಪದ ಬಟ್ಟಲು ತಂದಳು. ಒಂದು ಅಂಗಡಿಯ ಪೆಟ್ಟಿಗೆಯನ್ನು ಬಿಚ್ಚಿ ತರಲು ಮುನೀರನನ್ನು ಕಳಿಸಿದಳು. ಇಬ್ಬರೂ ಅದನ್ನು ಮೇಜಿನ ಮೇಲಿಟ್ಟು ಮುಂದೆ ಬೀಡಿಯೊಂದನ್ನು ಹಚ್ಚಿದರು. ಪೆಟ್ಟಿಗೆ ಬಡಬಡಿಸಿತು. ಕಿತ್ತಳೆ ಸಿಪ್ಪೆ ಹಿಂಡಿದರು, ಹೇಳಿತು. ತೆಂಗಿನ ಚಿಪ್ಪಿನ ಕೆಂಡಕ್ಕೆ ಒಂದು ಹಿಡಿ ಸಾಂಬ್ರಾಣಿ ಸುರಿದರು. ಕೋಣೆಯೆಲ್ಲ ಮಬ್ಬಾಯಿತು, ಮುನೀರ್ ಕೆಮ್ಮಿದ, ಕೆಳಗಿನ ಮನೆಯವರು ಏನಾಯಿತೆಂದು ಕೂಗಿದರು. ಪರದೆಯ ಮೇಲೆ ಸೊನ್ನೆ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ, ಗೋಡೆಯ ಮೇಲೇ ಇತ್ತು. ಕೇಂದ್ರ ಶುರುವಾದ ದಿನದ ಫೋಟೊ. ಅರವತ್ತು ಪೆಟ್ಟಿಗೆಗಳಿಗೂ ಕುಂಕುಮ, ಚೆಂಡುಹೂವಿನ ಹಾರ, ಮುಂದೆ ಒಡೆದ ಬೂದಗುಂಬಳ. ಧೂಪದ ಬಟ್ಟಲನ್ನು ಪೆಟ್ಟಿಗೆಯ ಮೂಗಿಗೇ ಹಿಡಿದು ನಿಂತವಳು ಸರ್ವಮಂಗಳ.

ನಡೆದದ್ದು ಇಷ್ಟು. ಪೆಟ್ಟಿಗೆಗಳು ರಾಜ್ಯಕ್ಕೆ ಬಂದದ್ದು ಪಿತೃಪಕ್ಷದಲ್ಲಿ. ಪಿತೃಪಕ್ಷದಲ್ಲಿ ಹೊಸ ಯಂತ್ರ ಚಾಲೂ ಮಾಡುವ ಸರ್ಕಾರಿ ನೌಕರ ಇನ್ನೂ ಹುಟ್ಟಿಲ್ಲ. ಅದು ಕಳೆಯಿತು, ನವರಾತ್ರಿ ಬಂತು. ಆಯುಧಪೂಜೆ ಹೇಗೂ ಹತ್ತಿರವಿದೆಯಲ್ಲ, ಅವತ್ತೇ ಆಗಲಿ ಎಂದು ಎಲ್ಲ ಜಿಲ್ಲೆಯವರೂ, ಯಾರೂ ಯಾರನ್ನೂ ಕೇಳದೆ, ಒಂದೇ ತೀರ್ಮಾನಕ್ಕೆ ಬಂದರು. ತಯಾರಕರ ಪುಸ್ತಕದಲ್ಲಿ ವಿಶೇಷವೇನೂ ಇಲ್ಲದ ದಿನ ಚಾಲೂ ಮಾಡಿ ಎಂದು ಬರೆದಿತ್ತು. ಆ ಸಾಲನ್ನು ಸರ್ವಮಂಗಳ ಓದಿದ್ದಳು. ವಿಶೇಷವಿಲ್ಲದ ದಿನ ಯಾರಾದರೂ ಒಳ್ಳೆಯ ಕೆಲಸ ಶುರುಮಾಡುತ್ತಾರೆಯೇ ಎಂದು ನಕ್ಕು ಪುಟ ತಿರುಗಿಸಿದ್ದಳು. ಪೆಟ್ಟಿಗೆಗಳು ತಮ್ಮ ಮೊದಲ ಮೂರು ದಿನ, ಪ್ರತಿ ಅಂಗಡಿಯಲ್ಲೂ ಸಾಂಬ್ರಾಣಿ ಮುಗಿಲು ಮುಟ್ಟಿದ್ದಾಗ, ಊರಿನ ಗಾಳಿ ಎಂದರೆ ಇದೇ ಎಂದು ಕಲಿತವು. ಆಮೇಲೆ ಎಷ್ಟೇ ಸಾಂಬ್ರಾಣಿ ಬಂದರೂ ಕಳೆದು ಬಿಸಾಡಿದವು.

“ಮೇಡಂ, ಹಾರ ಎಲ್ಲಾ ತಂದಿದ್ದು ನಾನೇ,” ಎಂದ ಮುನೀರ್. “ಬೂದಗುಂಬಳ ಒಡೆದಿದ್ದೂ ನಾನೇ.”

ಕಂಪನಿಗೆ ಈ ಗುಟ್ಟು ಹೇಗೆ ಗೊತ್ತಾಯಿತು ಎಂದು ಅವನು ಕೇಳಿದ. ಸರ್ವಮಂಗಳ ಹಳೆಯ ನೋಟಿಸುಗಳ ಕಡತ ತೆರೆದಳು. ಗೊತ್ತಾಗಬೇಕಾದ ಅಗತ್ಯವೇ ಇರಲಿಲ್ಲ. ಅವರು ಒಂದೊಂದೇ ಪರಿಮಳ ಬಿಟ್ಟು ನೋಡಿದರು. ಯಾವುದಕ್ಕೆ ನೋಟಿಸು ಬಂತೋ ಅದನ್ನು ಕೈಬಿಟ್ಟರು, ಯಾವುದಕ್ಕೆ ಬರಲಿಲ್ಲವೋ ಅದನ್ನು ಉಳಿಸಿಕೊಂಡರು. ಹನ್ನೊಂದು ನೋಟಿಸು ಕಳಿಸಿ ದಾರಿ ತೋರಿಸಿದ್ದು ಕೇಂದ್ರವೇ. ಬೇಲಿ ಎಲ್ಲೆಲ್ಲಿ ಗಟ್ಟಿಯಿದೆ ಎಂದು ಒಂದೊಂದಾಗಿ ಹೇಳುತ್ತಾ ಹೋದರೆ, ಕಂಡಿ ಎಲ್ಲಿದೆ ಎಂದು ಕಳ್ಳನಿಗೆ ಬೇರೆ ಹೇಳಬೇಕಿಲ್ಲ.

ತಪ್ಪು ತಿಳಿಯಿತು, ಸಾಕ್ಷಿ ಬೇಕಿತ್ತು. ಪೆಟ್ಟಿಗೆಗಳಿಗೆ ಹೊಸದಾಗಿ ಕಲಿಸೋಣವೆಂದರೆ ಈಗ ಊರಿನ ಗಾಳಿಯಲ್ಲೇ ಕಳ್ಳ ವಾಸನೆ ಬೆರೆತಿದೆ. ಅದನ್ನೂ ಊರಿನದೇ ಎಂದು ಕಲಿಯುತ್ತವೆ. ಆಗ ಮುನೀರ್ ಒಂದು ವಿಷಯ ಹೇಳಿದ. ತಾನು ಏನೇನು ಕಳೆದೆ ಎಂಬುದನ್ನು ಪೆಟ್ಟಿಗೆ ದುರಸ್ತಿಯವರಿಗಾಗಿ ಮೂರು ತಿಂಗಳು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಆಮೇಲೆ ಅಳಿಸುತ್ತದೆ. ಬೀಡಿಯನ್ನು ಗುರುತಿಸಲೆಂದು ಪೆಟ್ಟಿಗೆ ಒಳಗೇ ಅಳೆದಿಟ್ಟುಕೊಳ್ಳುತ್ತಿದ್ದ ಹೊಗೆಯ ಲೆಕ್ಕವೂ ಜೊತೆಗಿತ್ತು. ಮುಂದಿನ ಎರಡು ದಿನ ಅವನು ಏಣಿ ಹೊತ್ತುಕೊಂಡು ಅರವತ್ತು ಅಂಗಡಿಗಳನ್ನೂ ಸುತ್ತಿದ. ಗಂಡ ಹೇಳಿದ ಒಂದೇ ಮಾತನ್ನು ಹಿಡಿದುಕೊಂಡು ಸರ್ವಮಂಗಳ ಗೆರೆ ಎಳೆದಳು: ಸಾಂಬ್ರಾಣಿ ಇದೆಯೇ, ಹೊಗೆ ಇದೆಯೇ.

ಪರದೆಯ ಮೇಲೆ ಎರಡು ಊರು ಕಂಡವು. ಮುಸ್ಸಂಜೆ ಆರೂಕಾಲಿಗೆ ಸಾಂಬ್ರಾಣಿಯೂ ಹೊಗೆಯೂ ಕೈ ಹಿಡಿದುಕೊಂಡು ಏರುತ್ತಿದ್ದವು, ಶುಕ್ರವಾರ ಇನ್ನೂ ಹೆಚ್ಚು. ಅದು ಜನರ ದೇವರು. ಅದಕ್ಕೆ ಮೊದಲು, ನಾಲ್ಕರಿಂದ ಐದೂವರೆಯವರೆಗೆ, ಕಾಲೇಜು ಬಿಡುವ ಹೊತ್ತಿಗೆ, ನಲವತ್ತೊಂದು ಅಂಗಡಿಗಳಲ್ಲಿ ಸಾಂಬ್ರಾಣಿ ಒಂಟಿಯಾಗಿ ಏರುತ್ತಿತ್ತು, ಹೊಗೆಯ ಸುಳಿವಿಲ್ಲ. ಭಾನುವಾರ ಇಲ್ಲವೇ ಇಲ್ಲ. ಭಾನುವಾರ ರಜೆ ತೆಗೆದುಕೊಳ್ಳುವ ಭಕ್ತಿ ಎಲ್ಲೂ ಇಲ್ಲ ಎಂದು ಮುನೀರ್ ನಕ್ಕ.

ವರದಿಯ ಮೊದಲ ಪುಟದಲ್ಲಿ ಸರ್ವಮಂಗಳ ನಡೆದದ್ದನ್ನು ನಡೆದ ಹಾಗೆ ಬರೆದಳು. ಡಾಕ್ಟರ್ ವಸುಮತಿ ಓದಿ ಕೂಡಲೇ ಫೋನ್ ಮಾಡಿದರು.

“ತಾಂತ್ರಿಕ ದೋಷ ಅಂತ ಒಂದು ಸಾಲು ಬರೀರಿ, ಸಾಕು. ಪೂಜೆ ಗೀಜೆ ಅಂತೆಲ್ಲ ಬರೆದರೆ ಇಡೀ ಇಲಾಖೆ ನಗೆಪಾಟಲಾಗುತ್ತೆ. ಮೂವತ್ತು ಜಿಲ್ಲೆಯವರ ಮಾನ ನೀವೊಬ್ಬರು ತೆಗೀತೀರಾ?”

ದೋಷ ಎಂದರೆ ಯಂತ್ರವೇ ನಂಬಿಕೆಗೆ ಅರ್ಹವಲ್ಲ ಎಂದು ಕಂಪನಿ ವಾದಿಸುತ್ತದೆ, ಆಗ ಎಲ್ಲವೂ ಬಿದ್ದುಹೋಗುತ್ತದೆ ಎಂದು ಸರ್ವಮಂಗಳ ವಿವರಿಸಿದಳು. ಯಂತ್ರ ನಾವು ಕಲಿಸಿದ್ದನ್ನೇ ಸರಿಯಾಗಿ ಮಾಡಿದೆ. ನಾವು ಏನು ಕಲಿಸಿದೆವು ಎಂದು ಹೇಳಿದರೆ ಮಾತ್ರ ಅಂಕಿಯನ್ನು ತಿದ್ದಬಹುದು. ಅಷ್ಟು ಹೇಳಿ, ಎಂದೂ ಮೇಲಧಿಕಾರಿಗೆ ಎದುರಾಡದಿದ್ದವಳು, ಕಾರಣವನ್ನೂ ಹೇಳಿಬಿಟ್ಟಳು.

“ನಮ್ಮನೆಯವರ ಎದೇಲಿ ಎರಡು ಸ್ಟೆಂಟ್ ಇದೆ ಮೇಡಂ. ಅವರು ತಮ್ಮನ್ನ ತಾವೇ ಬೈಕೋತಿದಾರೆ. ಆ ಪುಟ ನಾನು ತೆಗೆಯಲ್ಲ.”

ಅದನ್ನು ಕೇಳಿ ವಸುಮತಿ, ಹಾಗಿದ್ದರೆ ಬೆಂಗಳೂರಿನ ಪೆಟ್ಟಿಗೆಗಳಿಗೆ ಆರತಿ ಎತ್ತಿದವಳು ನಾನು, ಅದನ್ನೂ ಬರೆಯಿರಿ ಎಂದರು.

ವಿಚಾರಣೆ ಮುಂದಿನ ತಿಂಗಳು ನಡೆಯಿತು. ಕಂಪನಿಯ ವಕೀಲರು ಸರ್ವಮಂಗಳಳನ್ನು ಸಾವಕಾಶವಾಗಿ ಆಡಿಸಿದರು. ಯಂತ್ರಕ್ಕೆ ಕುಂಕುಮ ಇಟ್ಟಿರಾ ಎಂದರು, ಇಟ್ಟೆ ಎಂದಳು. ನಿಂಬೆಹಣ್ಣು? ನಾಲ್ಕು. ಸಭೆಯೆಲ್ಲ ನಕ್ಕಿತು, ಅವಳ ಕಿವಿ ಕಾದುಹೋಯಿತು. ನಗು ನಿಂತ ಮೇಲೆ ಅವಳು ಎರಡು ಗೆರೆಗಳ ಚಿತ್ರವನ್ನು ಗೋಡೆಯ ಮೇಲೆ ತೋರಿಸಿ, ಭಾನುವಾರದ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಹದಿನೈದು ದಿನದಲ್ಲಿ ಬಿಲ್ಲೆಗಳನ್ನೆಲ್ಲ ಕಿತ್ತುಹಾಕುವ ಆದೇಶ ಬಂತು, ಕಾಯ್ದೆ ಉಳಿಯಿತು. ಬಿಲ್ಲೆಗಳು ಹೋದ ಮೇಲೆ ಯಾವ ವಿಶೇಷವೂ ಇಲ್ಲದ ಒಂದು ಬುಧವಾರ, ಹೂವಿಲ್ಲದೆ, ಕಾಯಿಯಿಲ್ಲದೆ, ಪೆಟ್ಟಿಗೆಗಳು ಊರಿನ ಗಾಳಿಯನ್ನು ಮೊದಲಿಂದ ಕಲಿತವು. ಮುನೀರನಿಗೆ ಅದು ಸರಿಬರಲಿಲ್ಲ, ಆದರೂ ಏಣಿ ಹತ್ತಿ ಚಾಲೂ ಮಾಡಿದ.

ಈ ಸಲದ ಸೊನ್ನೆ ನಿಜವಾದ ಸೊನ್ನೆ. ಆದರೆ ದಿಂಬಿನ ಮಾರಾಟ ಇಳಿಯಲಿಲ್ಲ. ಸರ್ವಮಂಗಳ ಗಂಟೆ ಗಂಟೆಯ ಮಾರಾಟದ ಅಂಕಿ ತರಿಸಿ ನೋಡಿದಳು. ನಾಲ್ಕು ಗಂಟೆಯ ಏರಿಕೆ ಮಾಯವಾಗಿತ್ತು. ಅದರ ಬದಲು ಮುಸ್ಸಂಜೆ ಆರೂವರೆಗೆ ಹೊಸ ಏರಿಕೆ, ಶುಕ್ರವಾರ ಇನ್ನೂ ಎತ್ತರ, ಹಬ್ಬದ ದಿನ ಎಲ್ಲಕ್ಕಿಂತ ಹೆಚ್ಚು. ಕಂಪನಿ ಇನ್ನು ಏನೂ ಮಾಡಬೇಕಿರಲಿಲ್ಲ. ಹದಿನಾಲ್ಕು ತಿಂಗಳು ಊರಿನ ಮೂಗಿಗೆ ಪಾಠ ಹೇಳಿ ಮುಗಿಸಿದ್ದರು. ಈಗ ಪ್ರತಿ ಗುಡಿ, ಪ್ರತಿ ದರ್ಗಾ, ಪ್ರತಿ ಮನೆಯ ದೇವರಗೂಡು ಅವರ ಪರವಾಗಿ ಪುಕ್ಕಟೆ ದುಡಿಯುತ್ತಿತ್ತು. ಆ ಧೂಪಕ್ಕೆ ಯಾರು ನೋಟಿಸು ಕೊಡುತ್ತಾರೆ.

ಮನೆಯಲ್ಲೂ ಅದೇ ಕಥೆ. ತಪ್ಪು ತನ್ನದಲ್ಲ ಎಂದು ತಿಳಿದ ದಿನ ನಂಜುಂಡಾರಾಧ್ಯ ಮಗುವಿನಂತೆ ಅತ್ತು ಹಗುರಾಗಿದ್ದ. ಆದರೆ ತಪ್ಪು ಯಾರದೆಂದು ತಿಳಿದ ಮಾತ್ರಕ್ಕೆ ನಾಲಿಗೆ ಬಿಡುವುದಿಲ್ಲ. ಒಂದು ವಾರ ಸಾಂಬ್ರಾಣಿ ಡಬ್ಬವನ್ನು ಅಟ್ಟಕ್ಕೆ ಹಾಕಿದ, ಗಿರಾಕಿಗಳು ಕೇಳಿದರು, ಇಳಿಸಿದ. ಹೃದಯದ ಪರೀಕ್ಷೆಗೆ ಹೋದಾಗ ಡಾಕ್ಟರು ರಕ್ತದೊತ್ತಡ ಏರಿದೆ ಎಂದು ಎಚ್ಚರಿಸಿದರು. ಅಂಗಡಿಯನ್ನು ಯಾರಿಗಾದರೂ ಬಿಟ್ಟುಕೊಟ್ಟು ಮನೆಯಲ್ಲಿ ಕೂತುಬಿಡುತ್ತೇನೆ ಎಂದ.

ಸರ್ವಮಂಗಳ ಒಪ್ಪಲಿಲ್ಲ. ಅಂಗಡಿ ಬಿಟ್ಟರೂ ಊರು ಬಿಡಲಾಗುವುದಿಲ್ಲ ಎಂದಳು. ವಾಸನೆಯನ್ನೂ ದಿಂಬನ್ನೂ ಜೊತೆಯಲ್ಲೇ ಕೊಟ್ಟು ಗಂಟು ಹಾಕಿದ್ದಾರೆ. ವಾಸನೆ ಕೊಟ್ಟು ದಿಂಬು ಕೊಡದಿದ್ದರೆ ಗಂಟು ಸಡಿಲವಾಗಬೇಕು. ಪುಸ್ತಕದಲ್ಲಿ ಹಾಗಿದೆ. ನಿಜವಾಗಿ ಆಗುತ್ತದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ, ಆ ಮಾತನ್ನು ಮಾತ್ರ ಅವನಿಗೆ ಹೇಳಲಿಲ್ಲ. ಡಾಕ್ಟರನ್ನು ಕೇಳಿ, ಅವರು ಹೂಂ ಎಂದ ಮೇಲೆ ಶುರುಮಾಡಿದಳು.

ದಿನಾ ಸಂಜೆ ಅವಳು ಮಂಡಿಪೇಟೆಗೆ ಬಂದು ಅಂಗಡಿಯ ಜಗಲಿಯಲ್ಲಿ ಅವನ ಪಕ್ಕ ಕೂರುತ್ತಿದ್ದಳು. ಅವನೇ ಕೆಂಡಕ್ಕೆ ಸಾಂಬ್ರಾಣಿ ಹಾಕಬೇಕು. ಚಪಲ ಎದ್ದು, ಏರಿ, ಇಳಿಯುವವರೆಗೆ ಏಳುವಂತಿಲ್ಲ. ಅವಳು ಕೈಗಡಿಯಾರ ನೋಡುತ್ತಾಳೆ. ಮೊದಲ ದಿನ ಮೂವತ್ತೊಂದು ನಿಮಿಷ. ಅವನು ಬೆವರಿದ, ಗಿರಾಕಿಯೊಬ್ಬನಿಗೆ ಬೈದ, ಅವಳ ಮಣಿಕಟ್ಟನ್ನು ನೋಯುವಂತೆ ಹಿಡಿದುಕೊಂಡ. ಎರಡನೆಯ ದಿನ ಮೂವತ್ತನಾಲ್ಕು. ಆರನೆಯ ದಿನ ಮಧ್ಯದಲ್ಲೇ ಎದ್ದುಹೋಗಿ ಪಕ್ಕದಂಗಡಿಯಲ್ಲಿ ದಿಂಬು ಕೊಂಡು ಬಂದು ಅವಳೆದುರೇ ಇಟ್ಟುಕೊಂಡ. ಮರುದಿನ ಅವಳು ಮತ್ತೆ ಬಂದಳು. ಹದಿನಾರನೆಯ ದಿನಕ್ಕೆ ಇಪ್ಪತ್ತಕ್ಕೆ ಇಳಿಯಿತು, ಇಪ್ಪತ್ತೈದನೆಯ ದಿನಕ್ಕೆ ಹನ್ನೊಂದು.

ಇಪ್ಪತ್ತೇಳನೆಯ ದಿನ ಎದುರುಗಡೆ ಹೂ ಮಾರುವ ಪುಟ್ಟಗಂಗಮ್ಮ ಬುಟ್ಟಿ ಹೊತ್ತು ಮನೆಗೆ ಹೊರಟವಳು ಜಗಲಿಯ ಮುಂದೆ ನಿಂತಳು. ಇವರಿಬ್ಬರೂ ದಿನಾ ಹೊಗೆ ಹಾಕಿಕೊಂಡು ಕೂರುವುದನ್ನು ಅವಳು ತಿಂಗಳಿಂದ ನೋಡುತ್ತಿದ್ದಳು. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಸರ್ವಮಂಗಳ ಹೇಳಿದಳು. ಪುಟ್ಟಗಂಗಮ್ಮ ಪೂರ್ತಿ ಕೇಳಿಸಿಕೊಂಡು, ಬುಟ್ಟಿ ಇಳಿಸಿ, ತುಟಿಯೊಳಗಿಂದ ದಿಂಬನ್ನು ತೆಗೆದು ಬಾಳೆಲೆಯ ಚೂರಿನ ಮೇಲೆ ಇಟ್ಟಳು.

“ಗುಡಿಗೆ ಹೋದ್ರೆ ಇದೇ ಗ್ಯಾನ ಬತ್ತದೆ ಕಣವ್ವ. ದೇವ್ರು ನೋಡಕ್ಕೆ ಆಗ್ತಿಲ್ಲ. ನಂದೂವೆ ಒಸಿ ಟೇಮು ನೋಡು.”

ನಂಜುಂಡಾರಾಧ್ಯ ಲಾವಂಚದ ಮೂಟೆಯನ್ನು ಸರಿಸಿ ಅವಳಿಗೆ ಜಾಗ ಮಾಡಿದ. ಕೆಂಡ ಊದಿ, ಇನ್ನೊಂದು ಚಿಟಿಕೆ ಸಾಂಬ್ರಾಣಿ ಹಾಕಿ, ಬಟ್ಟಲನ್ನು ಅವಳ ಕಡೆ ತಳ್ಳಿದ.

“ಮೊದ್ಲು ಕಷ್ಟ ಆಗುತ್ತಮ್ಮ,” ಎಂದ. “ಆಮೇಲೆ ಸಣ್ಣಗಾಗುತ್ತೆ. ಎದ್ದು ಹೋಗ್ಬೇಕು ಅನ್ಸಿದ್ರೆ ನನ್ ಜೊತೆ ಮಾತಾಡು. ನಾನು ಇಲ್ಲೇ ಇರ್ತೀನಿ.”

ಪುಟ್ಟಗಂಗಮ್ಮನ ಹೊತ್ತು ಬರೆದುಕೊಳ್ಳಲೆಂದು ಸರ್ವಮಂಗಳ ಗಡಿಯಾರ ನೋಡಿದಳು. ಅಂದು ಹೊಗೆ ಎದ್ದು ಆಗಲೇ ಇಪ್ಪತ್ತು ನಿಮಿಷವಾಗಿತ್ತು. ಅಷ್ಟು ಹೊತ್ತೂ ಗಂಡ ಒಮ್ಮೆಯೂ ಅವಳ ಮಣಿಕಟ್ಟಿಗೆ ಕೈ ಹಾಕಿರಲಿಲ್ಲ, ಇನ್ನೆಷ್ಟು ನಿಮಿಷ ಎಂದು ಕೇಳಿರಲಿಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ಪುಟ್ಟಗಂಗಮ್ಮನಿಗೆ ಸಾಂಬ್ರಾಣಿಯಲ್ಲಿ ಎಷ್ಟು ಜಾತಿ ಎಂದು ವಿವರಿಸುತ್ತಾ ಕೂತಿದ್ದ. ಸರ್ವಮಂಗಳ ಅವನಿಗೆ ಹೇಳಲಿಲ್ಲ. ಕಣ್ಣು ಒರೆಸಿಕೊಂಡು, ಹೊಗೆಗೆ ಹೀಗಾಯಿತೆಂದು ಸುಳ್ಳು ಹೇಳಿ, ಹೊಸ ಹಾಳೆಯ ಮೇಲೆ ಪುಟ್ಟಗಂಗಮ್ಮನ ಹೆಸರು ಬರೆದಳು.